ಇಂಗ್ಲಿಷರ ಗೋರಿಗೆ ಅಮ್ಮನ ಮಲ್ಲಿಗೆ

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುತ್ತಾರೆ. ನಮ್ಮಪ್ಪನಿಗೆ ಮದುವೆಯಾಗಿ, ನಾನು ಹುಟ್ಟಿ, ನನಗೂ ಮದುವೆಯಾದರೂ ಬ್ರಿಟಿಷರ ಕಾಲದ ಕಟ್ಟಡಗಳ ಹುಚ್ಚು ಬಿಟ್ಟಿಲ್ಲ. ಬಸ್ ಡ್ರೈವರಾಗಿ ರಿಟೈರಾದವರು. ಭಾನುವಾರ ಬಂತೆಂದರೆ ಶ್ರೀರಾಂಪುರದ ನನ್ನ ಮನೆ ಮುಂದೆ ಹಳೆಯ ವ್ಯಾನಿನ ಹಾರ್ನ್ ಹೊಡೆಯುತ್ತಾರೆ. ಮುರುಕು ಸೇತುವೆ, ಹೆಂಚು ಹಾರಿದ ಬಂಗಲೆ, ಬಾವಲಿ ತುಂಬಿದ ಕೋಣೆ. ಅಲ್ಲಿ ನೋಡುವುದೇನಿದೆಯೋ ಆ ದೇವರೇ ಬಲ್ಲ. ನಾನು ಹೋಗುವುದು ಅಮ್ಮನ ಚಿತ್ರಾನ್ನಕ್ಕೆ, ಮತ್ತೆ ವ್ಯಾನಿನಲ್ಲಿ ಗಾಳಿಗೆ ಬರುವ ಅರೆನಿದ್ದೆಗೆ.

ಶ್ರೀರಂಗಪಟ್ಟಣದ ಹೊಳೆ ಹತ್ತಿರ ಯಾವುದೋ ಬಂಗಲೆ ಹುಡುಕುತ್ತ ಮೊದಲ ಸಲ ಆ ಜಾಗಕ್ಕೆ ಹೋದಾಗ ಅದು ಇಂಗ್ಲಿಷರ ಸ್ಮಶಾನವೆಂದು ನಮಗೆ ಗೊತ್ತಾಗಲಿಲ್ಲ. ಮರಗಳ ನೆರಳು, ಅಲ್ಲಲ್ಲಿ ಪುಟ್ಟ ಮಂಟಪಗಳಂಥವು, ಎಲೆ ಉದುರಿದರೂ ಕೇಳುವಷ್ಟು ನಿಶ್ಶಬ್ದ. ಪಾರ್ಕು ಅಂದುಕೊಂಡು ಜಮಖಾನ ಹಾಸಿ ಊಟಕ್ಕೆ ಕೂತೆವು. ಕೈ ತೊಳೆಯಲು ಹೋದ ಅಪ್ಪ ಕಲ್ಲಿನ ಮೇಲಿನ ಬರಹ ಓದಿ ಬಂದು, "ಯಾರದೋ ತಲೆ ಮೇಲೆ ಕೂತು ಉಣ್ತಾ ಇದೀವಿ ಕಣಮ್ಮ" ಅಂದರು.

ಸಾವಿನ ಮನೆಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟಲು ಬಿಡದವಳು ನಮ್ಮಮ್ಮ. ಇವತ್ತು ಅಪ್ಪನ ಗ್ರಹಚಾರ ಬಿಡಿಸುತ್ತಾಳೆ ಅಂದುಕೊಂಡೆ. ಅವಳು ಆಗಲೇ ಎದ್ದು ಮೂಲೆಯ ಚಿಕ್ಕ ಕಲ್ಲೊಂದರ ಮುಂದೆ ನಿಂತಿದ್ದಳು. ಏನು ಬರೆದಿದೆ ಎಂದು ಕೇಳಿದಳು. ಮಗುವಿನ ಹೆಸರು, ಕೆಲವೇ ತಿಂಗಳು ಬದುಕಿತ್ತಂತೆ, ಅಂದೆ. ಅವಳು ತುರುಬಿನಿಂದ ಮಲ್ಲಿಗೆ ತೆಗೆದು ಕಲ್ಲಿನ ಮೇಲಿಟ್ಟಳು.

"ಮುಡಿದಿರೋ ಹೂವನ್ನ ಯಾರಾದ್ರೂ ಇಡ್ತಾರಾ ಅಮ್ಮ?"

"ದೇವರಿಗೆ ಇಡಬಾರ್ದು. ಮಗೂಗೆ ಅಮ್ಮನ ತಲೇದೇ ಆಗ್ಬೇಕು ಕಣೆ."

ನನಗಿಂತ ಮುಂಚೆ ಹುಟ್ಟಿದ ಹೆಣ್ಣು ಕೂಸೊಂದು ಹೆಸರಿಡುವ ಮೊದಲೇ ಹೋಗಿತ್ತು. ಆಗ ಅಪ್ಪ ಅಮ್ಮ ಇದ್ದದ್ದು ಹಿನಕಲ್‌ನ ಬಾಡಿಗೆ ಮನೆಯಲ್ಲಿ. ಹಸುಗೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ, ಕಲ್ಲು ನೆಡುವುದಿಲ್ಲ. ಹೆತ್ತವಳು ಜೊತೆಗೆ ಹೋಗುವಂತಿಲ್ಲ. ಹೂತವರು ತಿರುಗಿ ನೋಡದೆ ಬರಬೇಕು, ಜಾಗ ಅವಳಿಗೆ ಹೇಳಬಾರದು. ಅಮ್ಮ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಇಷ್ಟು ವರ್ಷ ಅದು ಹಾಗೇ ನಡೆದುಬಂತು.

ಆಮೇಲೆ ಎಲ್ಲಿಗೆ ಹೊರಟರೂ ಕೊನೆಗೆ ಆ ಚಿಕ್ಕ ಕಲ್ಲಿನ ಹತ್ತಿರ ಹೋಗಿ ಅಮ್ಮ ಮಲ್ಲಿಗೆ ಇಡಲೇಬೇಕು. ವಾಪಸು ಬರುವಾಗ ಅಪ್ಪ ಊರೊಳಗಿನ ದಾರಿ ಬಿಟ್ಟು ರಿಂಗ್ ರೋಡಿನಲ್ಲಿ ಹಿನಕಲ್ ಕಡೆಯಿಂದ ಬರುತ್ತಿದ್ದರು. ಹೊಂಗೆಮರದ ಕೆಳಗಿನ ಒಂದು ಗೂಡಂಗಡಿ ಮುಂದೆ ವ್ಯಾನು ನಿಲ್ಲುತ್ತಿತ್ತು. ಅಲ್ಲಿಯ ಟೀಯೋ, ಪಾತ್ರೆ ತೊಳೆದ ನೀರು. "ಇದಕ್ಕೋಸ್ಕರ ಇಷ್ಟು ಸುತ್ತಬೇಕಾ?" ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದೆ. ಅಪ್ಪ ಮರಕ್ಕೆ ಅಂಗೈ ಊರಿ ನಿಧಾನವಾಗಿ ಕುಡಿಯುತ್ತಿದ್ದರು.

ಕಳೆದ ಭಾನುವಾರ ಸಂಜೆ. ರಸ್ತೆಯ ಧೂಳೆಲ್ಲ ಹೊಂಬಣ್ಣಕ್ಕೆ ತಿರುಗಿತ್ತು, ದೂರದಲ್ಲಿ ಚಾಮುಂಡಿ ಬೆಟ್ಟ ಮಸುಕಾಗಿ ತೇಲುತ್ತಿತ್ತು. ನನಗೆ ಕಣ್ಣು ಎಳೆಯುತ್ತಿತ್ತು. ಅಮ್ಮ ಮಾತಾಡಿದ್ದು ಮೊದಲು ಕನಸೆಂದೇ ಅನ್ನಿಸಿತು.

"ಆ ಇಂಗ್ಲಿಷಮ್ಮನಿಗೆ ತನ್ನ ಮಗು ಎಲ್ಲಿ ಮಲಗಿದೆ ಅಂತ ಗೊತ್ತಿತ್ತು. ನನ್ನದನ್ನ ಎಲ್ಲಿ ಮಲಗಿಸಿದ್ರಿ?"

ಹೊಂಗೆಮರ ಬಂತು. ಅಪ್ಪ ವ್ಯಾನು ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದರು. "ಆಗ ಇಲ್ಲೆಲ್ಲ ಹೊಲ. ಈ ಮರ ಇನ್ನೂ ಗಿಡ. ತಿರುಗಿ ನೋಡಬೇಡ ಅಂದಿದ್ರು. ನೋಡ್ಬುಟ್ಟೆ ಕಣೆ."

ಅಮ್ಮ ಇಳಿದು ಮರದ ಹತ್ತಿರ ಹೋದಳು. ಕೈ ತಾನಾಗಿ ತುರುಬಿಗೆ ಹೋಯಿತು. ಹೂವಿರಲಿಲ್ಲ. ಇದ್ದದ್ದೆಲ್ಲ ಆ ಇಂಗ್ಲಿಷ್ ಮಗುವಿನ ಮೇಲಿತ್ತು. ಒಂದು ಗಳಿಗೆ ಕೈ ಹಾಗೇ ತಲೆಯ ಮೇಲಿಟ್ಟುಕೊಂಡು ನಿಂತಳು. ಆಮೇಲೆ ಅಂಗಡಿಯಾಕೆಯ ಹತ್ತಿರ ಒಂದು ಲೋಟ ಬರೀ ಹಾಲು ಕೇಳಿದಳು.

"ತುಂಬ ಬಿಸಿ ಐತೆ ಕಣಮ್ಮ" ಅಂದಳು ಆಕೆ.

"ಆರಿಸಿ ಕೊಡಿ. ಮಗೂಗೆ."

ಆಕೆ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಎತ್ತಿ ಹೊಯ್ಯುತ್ತ, ಮಗು ಎಲ್ಲಿದೆಯೆಂದು ನಮ್ಮ ವ್ಯಾನಿನೊಳಗೆ ಇಣುಕಿದಳು.