ನಲವತ್ತೊಂದನೇ ಚುಕ್ಕೆಯ ವಾರುಣಕ್ಕ

ದಕ್ಷಿಣ ಥಾಯ್ಲೆಂಡಿನ ಹಾಟ್ ಯಾಯ್ ಪಟ್ಟಣದ ಅಂಚಿನಲ್ಲಿರುವ ವಿಶ್ವವಿದ್ಯಾಲಯದ ರಬ್ಬರ್ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತ ವಾರುಣೀ, ತೊಗಟೆಯ ಗಾಯದಿಂದ ಇಳಿಯುತ್ತಿರುವ ಹಾಲನ್ನು ಸಣ್ಣ ಕೊಳವೆಗಳಿಗೆ ಹಿಡಿಯುತ್ತಿದ್ದಾರೆ. ಹಣೆಯ ದೀಪಕ್ಕೆ ಹುಳುಗಳು ಮುತ್ತಿಕೊಂಡಿವೆ. ತುಂಬಿದ ಕೊಳವೆಯನ್ನು ತಕ್ಷಣ ಡಬ್ಬಿಯ ಐಸಿನಲ್ಲಿ ಹುಗಿಯಬೇಕು. ತಡವಾದರೆ ಹಾಲು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದರೆ ಅವತ್ತಿನ ಪಾಠ ಕೆಟ್ಟಂತೆಯೇ. ಬಯೋಇನ್ಫರ್ಮ್ಯಾಟಿಕ್ಸ್ ಓದುವ ಮೂರನೇ ವರ್ಷದ ಮಕ್ಕಳು ತಿಂಡಿ ಮುಗಿಸಿ ಲ್ಯಾಬಿಗೆ ಬರುವಷ್ಟರಲ್ಲಿ ಈ ಹಾಲು ಸೆಂಟ್ರಿಫ್ಯೂಜಿನಲ್ಲಿ ತಿರುಗಿ ಪದರ ಪದರವಾಗಿ ಬೇರ್ಪಟ್ಟಿರಬೇಕು.

"ಈ ಮಕ್ಕಳಿಗೆ ಪ್ರೋಟೀನ್ ಅಂದ್ರೆ ಪರದೆ ಮೇಲಿನ ಬಣ್ಣದ ರಿಬ್ಬನ್ನು. ಅದು ಅಂಟತ್ತೆ, ನಾರತ್ತೆ, ಕೆಟ್ಟೂ ಹೋಗತ್ತೆ ಅಂತ ಗೊತ್ತಾಗ್ಲಿ ಅಂತ ತಾಜಾ ಹಾಲು ತಗೊಂಡು ಹೋಗ್ತೀನಿ," ಎನ್ನುತ್ತಾರೆ. ಆಮೇಲೆ ಸೇರಿಸುತ್ತಾರೆ: "ಇನ್ನೊಂದು ಕಾರಣಾನೂ ಇದೆ. ಅವರ ಕೈಗೂ ಸ್ವಲ್ಪ ಅಂಟು ಮೆತ್ಕೊಂಡ್ರೆ ನಂಗೆ ಒಳಗೊಳಗೇ ಖುಷಿ."

ವಾರುಣೀಗೆ ಈಗ ನಲವತ್ತೇಳು. ಲ್ಯಾಬ್ ಸಹಾಯಕಿ. ವಿದ್ಯಾರ್ಥಿಗಳ ಬಾಯಲ್ಲಿ ವಾರುಣಕ್ಕ. ಜೆಲ್ ಎರೆಯುವುದು, ದ್ರಾವಣ ಬೆರೆಸುವುದು, ಗಾಜಿನ ಹಲಗೆ ತೊಳೆಸುವುದು, ಪ್ರೋಟೀನಿನ ಚೂರುಗಳನ್ನು ತೂಗಿ ಅದು ಯಾವುದೆಂದು ಹೇಳುವ ದೊಡ್ಡ ಯಂತ್ರವನ್ನು ಹದದಲ್ಲಿಡುವುದು, ಎಲ್ಲ ಅವರದೇ. ಇದರ ಪಾಠ ಮಾಡುವವರು ಆಚಾನ್ ತೀರವತ್, ಇಲ್ಲಿಯ ಪ್ರಾಧ್ಯಾಪಕರು. ಆಚಾನ್ ಅಂದರೆ ಥಾಯ್ ಭಾಷೆಯಲ್ಲಿ ಮೇಷ್ಟ್ರು. ವರ್ಷದ ಕೊನೆಯಲ್ಲಿ ಮಕ್ಕಳು ತೆಗೆಸಿಕೊಳ್ಳುವ ಗುಂಪು ಫೋಟೋದಲ್ಲಿ ಆಚಾನ್ ಇರುತ್ತಾರೆ. ವಾರುಣೀ ಇರುವುದಿಲ್ಲ, ಏಕೆಂದರೆ ಫೋಟೋ ತೆಗೆಯುವವರು ಅವರೇ.

ಅವರೂ ಒಂದು ಕಾಲಕ್ಕೆ ಸಂಶೋಧನೆಗೆಂದೇ ಇಲ್ಲಿಗೆ ಬಂದವರು. ರಬ್ಬರ್ ಹಾಲಿನ ಪ್ರೋಟೀನುಗಳನ್ನು ಜೆಲ್ ಹಾಳೆಯ ಮೇಲೆ ಹರಡಿದರೆ ಒಂದೊಂದೂ ಒಂದೊಂದು ನೀಲಿ ಚುಕ್ಕೆಯಾಗಿ ನಿಲ್ಲುತ್ತದೆ. ಮರಕ್ಕೆ ಗಾಯ ಮಾಡಿದಾಗಲೆಲ್ಲ ಅವುಗಳಲ್ಲಿ ಒಂದು ಚುಕ್ಕೆ ದಪ್ಪಗಾಗುತ್ತಿತ್ತು. ಎಣಿಕೆಯಲ್ಲಿ ನಲವತ್ತೊಂದನೆಯದು. ಅದು ಯಾವ ಪ್ರೋಟೀನು, ಅದರ ಆಕಾರ ಎಂಥದು ಎಂದು ಯಾರಿಗೂ ತಿಳಿದಿರಲಿಲ್ಲ. "ನಾನು ಕಂಡು ಹಿಡೀತೀನಿ ಅಂತ ಹೊರಟೆ. ಇಪ್ಪತ್ನಾಕು ವರ್ಷದೋಳು, ಕೊಬ್ಬು ಬೇರೆ," ಎಂದು ನಗುತ್ತಾರೆ.

ಆಕಾರ ಕಾಣಬೇಕಾದರೆ ಮೊದಲು ಪ್ರೋಟೀನನ್ನು ಹರಳಾಗಿಸಬೇಕು. ಪ್ರೋಟೀನ್ ದ್ರಾವಣದ ಹನಿಗಳನ್ನು ಗಾಜಿನ ಚೂರುಗಳಿಂದ ತೂಗುಹಾಕಿ, ಶೀತಲ ಕೋಣೆಯಲ್ಲಿಟ್ಟು, ತಿಂಗಳುಗಟ್ಟಲೆ ಕಾಯಬೇಕು. ಮೊದಲ ವರ್ಷ ಬರೀ ಕೆಸರಿನಂಥ ಗಸಿ. ಎರಡನೆಯ ವರ್ಷ ಸೂಜಿಮೊನೆಯಂಥವು ಕಾಣಿಸಿಕೊಳ್ಳುವಷ್ಟರಲ್ಲಿ ಊರಿಗೆ ನೆರೆ ನುಗ್ಗಿ, ಕರೆಂಟು ಹೋಗಿ, ಎಲ್ಲವೂ ಕರಗಿತು. ಮತ್ತೆ ಮೊದಲಿನಿಂದ ಶುರುವಿಟ್ಟರು. ಕೊನೆಗೂ ಒಳ್ಳೆಯ ಹರಳುಗಳು ಬಂದಾಗ ಅವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ವಿಮಾನ ಹತ್ತಿ ತೈವಾನಿಗೆ ಹೋದರು. ಅಲ್ಲಿಯ ಭಾರಿ ಯಂತ್ರದಲ್ಲಿ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆದರು. ಚಿತ್ರಗಳು ಚೊಕ್ಕವಾಗಿಯೇ ಬಂದವು.

ಆದರೆ ಆಕಾರ ಕಟ್ಟಲು ಬೇಕಾದ ಅರ್ಧ ಮಾಹಿತಿ ಅಂಥ ಚಿತ್ರಗಳಲ್ಲಿ ಬೀಳುವುದೇ ಇಲ್ಲ. ಅದನ್ನು ಆಗಲೇ ಆಕಾರ ಗೊತ್ತಿರುವ ಯಾವುದಾದರೂ ನಂಟ ಪ್ರೋಟೀನಿನಿಂದ ಎರವಲು ತರಬೇಕು. ನಲವತ್ತೊಂದಕ್ಕೆ ನಂಟರೇ ಇರಲಿಲ್ಲ. ಬೇರೆ ದಾರಿಯೆಂದರೆ ಹರಳಿಗೆ ಭಾರಲೋಹ ಕುಡಿಸುವುದು. ಕುಡಿಸಿದ ಹರಳೆಲ್ಲ ಬಿರುಕು ಬಿಟ್ಟವು. ಅಷ್ಟರಲ್ಲಿ ಮಾರ್ಗದರ್ಶಕರು ನಿವೃತ್ತರಾದರು, ವಿದ್ಯಾರ್ಥಿವೇತನ ನಿಂತಿತು, ಪಿಎಚ್‌ಡಿ ನೋಂದಣಿಯ ಅವಧಿ ಮುಗಿದುಹೋಯಿತು. ಲ್ಯಾಬಿನಲ್ಲೊಂದು ಸಹಾಯಕ ಹುದ್ದೆ ಖಾಲಿ ಇತ್ತು. ವಾರುಣೀ ಅಲ್ಲೇ ಉಳಿದರು.

ಕಳೆದ ಮಳೆಗಾಲದಲ್ಲಿ ಮೂರನೇ ವರ್ಷದ ತರಗತಿಗೆ ನೂರೀದಾ ಬಂದಳು. ಮಲೇಷ್ಯಾ ಗಡಿಯ ಯಾಲಾ ಕಡೆಯ ಹುಡುಗಿ. ತಲೆಗೆ ತಿಳಿಹಳದಿ ಹಿಜಾಬು, ಬಾಯಿ ತುಂಬ ಮಾತು. ಪ್ರೋಟೀನಿನ ಅಮೈನೋ ಆಮ್ಲಗಳ ಸಾಲು ಕೊಟ್ಟರೆ ಅದರ ಆಕಾರವನ್ನು ಊಹಿಸುವ ತಂತ್ರಾಂಶ ಈಗ ಪಾಠದ ಭಾಗ. ಆಚಾನ್ ಅಭ್ಯಾಸಕ್ಕೆಂದು ಕೊಟ್ಟ ಸಾಲುಗಳಲ್ಲಿ ನಲವತ್ತೊಂದೂ ಇತ್ತು. ನೂರೀದಾ ಅದನ್ನು ಹಾಕಿ ಐಸ್ ಟೀ ಕುಡಿಯಲು ಹೋದಳು. ಬರುವಷ್ಟರಲ್ಲಿ ಮುಗಿದಿತ್ತು.

"ವಾರುಣಕ್ಕಾ, ಬನ್ನಿ ಬನ್ನಿ! ನಲವತ್ತೊಂದು ಮಡಚ್ಕೊಂಡ್ಬಿಡ್ತು!"

ವಾರುಣೀ ಬಂದು ನೋಡಿದರು. ಆ ತಂತ್ರಾಂಶದ ಬಣ್ಣದ ಲೆಕ್ಕದಲ್ಲಿ ನೀಲಿ ಅಂದರೆ ಭರವಸೆ, ಕಿತ್ತಳೆ ಅಂದರೆ ಅನುಮಾನ. ಪರದೆಯ ಮೇಲಿದ್ದದ್ದು ತುದಿಯಿಂದ ತುದಿಗೆ ಹೆಚ್ಚುಕಮ್ಮಿ ಎಲ್ಲ ನೀಲಿ. ಸುತ್ತಲಿನ ಮಕ್ಕಳು ಚಪ್ಪಾಳೆ ತಟ್ಟಿದರು.

"ಬಣ್ಣ ಚೆನ್ನಾಗಿದೆ," ಅಂದರು ವಾರುಣೀ. "ಈಗ ಹೋಗಿ ಗಾಜಿನ ಹಲಗೆ ತೊಳಿ."

ಆ ರಾತ್ರಿ ಅವರು ಊಟ ಬಿಟ್ಟರು. "ಹೊಟ್ಟೆಕಿಚ್ಚು. ಇನ್ನೇನಂತ ಹೇಳ್ಲಿ? ಜ್ವರ ಬಂದಿತ್ತು ಅಂತ ಹೇಳ್ಬೋದು, ಆದ್ರೆ ಸುಳ್ಳಾಗತ್ತೆ. ನನ್ನ ಯೌವನಾನೆಲ್ಲ ತಿಂದ್ಕೊಂಡ ಪ್ರೋಟೀನು ಅದು. ಅವ್ಳು ಟೀ ಕುಡಿಯೋಷ್ಟರಲ್ಲಿ ಅವ್ಳ ಮುಂದೆ ಮೈ ಬಿಚ್ಕೊಂಡು ನಿಂತ್ಬಿಡ್ತಲ್ಲ! ಆ ಪ್ರೋಟೀನಿನ ಮೇಲೂ ಸಿಟ್ಟು ಬಂತು ನಂಗೆ." ಮಿನಿಬಸ್ ಓಡಿಸುವ ಗಂಡ ಸೋರಸಕ್ ಅವತ್ತಿನಿಂದ ದಿನಾ ಸಂಜೆ ಕೇಳುತ್ತಾರಂತೆ: "ಏನೇ, ಇವತ್ತು ನಿನ್ನ ಸವತಿ ಏನ್ಮಾಡಿದ್ಲು?"

ಸವತಿಗೆ ಸಿಗುತ್ತಿದ್ದ ಉಪಚಾರವೂ ಹಾಗೇ ಇತ್ತು. ಇಡೀ ಕೋಣೆಯಲ್ಲಿ ಅತಿ ನಿಧಾನದ ಕಂಪ್ಯೂಟರು ನೂರೀದಾಗೆ. ಸೋರುವ ಜೆಲ್ ಪೆಟ್ಟಿಗೆಯೂ ಅವಳಿಗೇ. ಹುಡುಗಿ ಅದಕ್ಕೆ ಟೇಪು ಸುತ್ತಿ, ಹಾಡು ಗುನುಗುತ್ತ ಕೆಲಸ ಮಾಡಿದಳು. "ಗೊಣಗಿದ್ರೆ ಸ್ವಲ್ಪ ಸಮಾಧಾನ ಆಗ್ತಿತ್ತು ನಂಗೆ. ಗೊಣಗಲೇ ಇಲ್ಲ ಮಾರಾಯ್ತಿ," ಎನ್ನುತ್ತಾರೆ ವಾರುಣೀ.

ಒಂದು ದಿನ ಆಚಾನ್ ಕರೆದರು. "ವಾರುಣೀ, ನಿಮ್ಮ ಹಳೇ ಕ್ಷ-ಕಿರಣದ ಚಿತ್ರಗಳು ಇದಾವಾ? ನೂರೀದಾಳ ಕಂಪ್ಯೂಟರ್ ಮಾದರಿ ಸರಿಯಾಗಿದ್ರೆ ಅದನ್ನೇ ನಂಟ ಅಂತ ಇಟ್ಕೊಂಡು ಆಕಾರ ಬಿಡಿಸ್ಬೋದು."

"ಆಮೇಲೆ ಬಂದ ನೆರೇಲಿ ಹೋಯ್ತು ಆಚಾನ್," ಅಂದರು ವಾರುಣೀ. ಚಿತ್ರಗಳಿದ್ದ ಡಿಸ್ಕು ಮನೆಯ ಬೀರುವಿನಲ್ಲಿ, ಮಡಚಿಟ್ಟ ಬಟ್ಟೆಗಳ ನಡುವೆ ಬೆಚ್ಚಗಿತ್ತು.

"ಛೆ. ಹಾಗಾದ್ರೆ ಹೊಸ ಹರಳೇ ಬೆಳೆಸ್ಲಿ ಅವ್ಳು. ನೀವೇ ಹೇಳ್ಕೊಡಿ."

ಹೇಳಿಕೊಡದೆ ವಿಧಿಯಿರಲಿಲ್ಲ. ಹೇಳಿಕೊಟ್ಟರು. ಮೂರೇ ವಾರ. ಶೀತಲ ಕೋಣೆಯಿಂದ ನೂರೀದಾ ನಡುಗುತ್ತ ಓಡಿಬಂದಳು. "ಅಕ್ಕಾ, ಸೂಜಿ ಥರ ಏನೋ ಬೆಳೀತಿದೆ! ಇದೇನಾ? ಇದೇನಾ ಹರಳು?" ವಾರುಣೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಅದೇ. ತಮಗೆ ಎರಡು ವರ್ಷ ಹಿಡಿದದ್ದು.

"ಅವತ್ತು ಮನಸ್ಸು ದೊಡ್ಡದಾಯ್ತು ಅಂತ ಏನಾದ್ರೂ ಬರ್ಕೊಂಡ್ರೆ ಹೊಡೆದು ಹಾಕಿ," ಎಂದು ಅವರು ಮೊದಲೇ ಎಚ್ಚರಿಸುತ್ತಾರೆ. "ನಂಗೆ ಅನ್ನಿಸಿದ್ದು ಒಂದೇ. ಇವ್ಳ ಹರಳು ಬೆಳೆದು ತೈವಾನಿಗೆ ಹೋಗ್ಬಿಟ್ರೆ ನನ್ನ ಹರಳು ಯಾರಿಗೂ ಬೇಡ. ಇವ್ಳದ್ದಕ್ಕಿಂತ ಮೊದ್ಲು ನಂದೇ ಬಿಡಿಸ್ಬೇಕು. ಅಷ್ಟೇ." ಮರುದಿನ ಡಿಸ್ಕು ತಂದು ಹುಡುಗಿಯ ಮೇಜಿನ ಮೇಲೆ ಕುಕ್ಕಿದರು.

ನೂರೀದಾ ಕಣ್ಣರಳಿಸಿದಳು. "ನೆರೇಲಿ ಕೊಚ್ಕೊಂಡು ಹೋಗಿತ್ತಂತಲ್ಲಾ ಅಕ್ಕಾ?"

"ತೇಲ್ಕೊಂಡು ವಾಪಸ್ ಬಂತು. ಕೆಲಸ ನೋಡು."

ಮಾದರಿಯನ್ನೂ ಚಿತ್ರಗಳನ್ನೂ ಹೊಂದಿಸುವ ಲೆಕ್ಕ ಓಡುತ್ತಿದ್ದ ಆ ಮಧ್ಯಾಹ್ನವನ್ನು ವಾರುಣೀ ಇವತ್ತಿಗೂ ನಿರಾಳವಾಗಿ ನೆನೆಯಲಾರರು. ನೂರೀದಾ ಪಕ್ಕದಲ್ಲೇ ಕೂತು ಖಾವ್ ಯಾಮ್ ಎಂಬ ಸೊಪ್ಪಿನ ಅನ್ನ ಕಲಸಿಕೊಂಡು, ನಿಂಬೆಸೊಪ್ಪು ಆರಿಸಿ ಬದಿಗಿಡುತ್ತ ತಿನ್ನುತ್ತಿದ್ದಳು. ಅಕ್ಕನಿಗೂ ಒಂದು ಪೊಟ್ಟಣ ತಂದಿದ್ದಳು. ಅಕ್ಕ ಅದನ್ನು ಬಿಚ್ಚಲೇ ಇಲ್ಲ. "ಅವ್ಳ ಮಾದರಿ ತಪ್ಪಾಗಿರ್ಲಿ ಅಂತ ಬೇಡ್ಕೊಳ್ತಿದ್ದೆ. ನಿಜವಾಗ್ಲೂ. ಆಮೇಲೆ ಹೊಳೀತು, ಅವ್ಳದ್ದು ತಪ್ಪಾದ್ರೆ ನನ್ನ ಚಿತ್ರಗಳು ಬಾಯಿ ಬಿಡೋದೇ ಇಲ್ಲ. ಅವ್ಳು ಗೆದ್ರೆ ಮಾತ್ರ ನಾನು ಗೆಲ್ಲೋದು. ಯಾವ ದೇವ್ರ ಹತ್ರ ಏನಂತ ಕೇಳ್ಕೊಳ್ಳೋದು, ಹೇಳಿ? ಸುಮ್ನೆ ಕೈ ಮುಗಿದು ಕೂತ್ಕೊಂಡೆ."

ನೂರೀದಾ ತಿನ್ನುವುದನ್ನು ನಿಲ್ಲಿಸಿದ್ದರಿಂದಲೇ ಅವರಿಗೆ ಗೊತ್ತಾಯಿತು. ಪರದೆಯ ಮೇಲೆ ವಾರುಣೀಯ ಹಳೆಯ ಚಿತ್ರಗಳಿಂದ ಹುಟ್ಟಿದ ನೀಲಿ ಜಾಲರಿ, ಅದರೊಳಗೆ ಹುಡುಗಿಯ ಮಾದರಿ ಗೀಟು ಗೀಟಿಗೂ ಹೊಂದಿ ಕೂತಿತ್ತು. ಮಾದರಿ ಸರಿಯಾಗಿತ್ತು. ಚೆನ್ನಾಗಿಯೇ ಸರಿಯಾಗಿತ್ತು. ವಾರುಣೀ ಹುಡುಗಿಯ ಕೈಯಿಂದ ಮೌಸ್ ಕಸಿದುಕೊಂಡು ಜಾಲರಿಯ ಸುತ್ತ ತಿರುಗಿದರು. ಹರಳಿನೊಳಗೆ ಜೋಡಿಯಾಗಿ ನಿಂತ ಎರಡು ನಲವತ್ತೊಂದುಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ಜಾಲರಿ ಒಂದು ಉಂಡೆ ಕಟ್ಟಿಕೊಂಡಿತ್ತು. ಮಾದರಿಯಲ್ಲಿ ಅಲ್ಲಿ ಏನೂ ಇರಲಿಲ್ಲ.

"ಇದೇನಕ್ಕಾ?"

"ಲೋಹ ಇರ್ಬೇಕು. ಸತುವೋ ಏನೋ. ಎರಡನ್ನೂ ಹಿಡ್ಕೊಂಡಿದೆ." ಆಮೇಲೆ, ಯಾರೂ ಕೇಳದಿದ್ದರೂ ಅಂದರು: "ಇದು ನಂದು."

ಅದು ಮರದ್ದೇ ಸತುವೋ ಅಥವಾ ಹರಳು ಬೆಳೆಸಲು ವಾರುಣೀ ಬೆರೆಸಿದ್ದ ದ್ರಾವಣದಿಂದ ಬಂದದ್ದೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಆಚಾನ್ ಹುಷಾರಿನ ಮನುಷ್ಯ, ನೋಡೋಣ ಎಂದಷ್ಟೇ ಹೇಳಿದ್ದಾರೆ. "ನನ್ನ ಬಾಟಲಿಯಿಂದ ಬಂದಿದ್ರೂ ಅದು ನಂದೇ ತಾನೇ?" ಎನ್ನುವುದು ವಾರುಣೀಯ ವಾದ.

ಬರುವ ತಿಂಗಳು ಬ್ಯಾಂಕಾಕಿನ ಸಮ್ಮೇಳನದಲ್ಲಿ ನಲವತ್ತೊಂದರ ಪೋಸ್ಟರು ತೂಗಲಿದೆ. ಮೊದಲ ಹೆಸರು ನೂರೀದಾದು, ಎರಡನೆಯದು ವಾರುಣೀದು, ಕೊನೆಯದು ಆಚಾನರದು. ಹೆಸರಿನ ಸರದಿಯ ಬಗ್ಗೆ ಜಗಳವಾಯಿತೇ ಎಂದರೆ, "ನಾನು ಬಾಯಿ ಬಿಟ್ಟು ಕೇಳ್ಲಿಲ್ಲ. ಮುಖ ನೋಡಿ ಅವ್ಳೇ ಅಂದ್ಲು, ಅಕ್ಕಾ ನಿಮ್ಮ ಹೆಸರು ಮೊದ್ಲು ಹಾಕ್ಲಾ ಅಂತ. ಬೇಡ ಅಂದೆ. ಅಂದ್ಮೇಲೆ ವಾರ ಪೂರ್ತಿ ಯಾಕಂದೆ ಅಂತ ಒದ್ದಾಡಿದೀನಿ," ಎನ್ನುತ್ತಾರೆ. ಸೋರುವ ಜೆಲ್ ಪೆಟ್ಟಿಗೆ ಈಗ ಬೇರೆ ಹುಡುಗನ ಪಾಲಾಗಿದೆ. ನೂರೀದಾ ವಾರುಣೀಯ ಹತ್ತಿರ ಜೆಲ್ ಎರೆಯುವುದನ್ನು ಕಲಿಯುತ್ತಿದ್ದಾಳೆ, ವಾರುಣೀ ಅವಳ ಹತ್ತಿರ ತಂತ್ರಾಂಶ. ಇಬ್ಬರೂ ಬೈದಾಡಿಕೊಂಡೇ ಕಲಿಯುತ್ತಾರೆ.

ಹಾಗಾದರೆ ಆ ಹೊಟ್ಟೆಕಿಚ್ಚು ಆರಿತೇ? ವಾರುಣೀ ಪ್ರಶ್ನೆಯನ್ನೇ ಗದರುವಂತೆ ನೋಡುತ್ತಾರೆ. "ಎಲ್ಲಿ ಆರತ್ತೆ? ಅವ್ಳಿಗಿನ್ನೂ ಇಪ್ಪತ್ತೊಂದು. ಮುಂದಿನ ಚುಕ್ಕೆ, ಅದರ ಮುಂದಿನ ಚುಕ್ಕೆ, ಎಲ್ಲ ಅವ್ಳಿಗಾಗಿ ಕಾಯ್ತಾ ಕೂತಿದಾವೆ."

ಬ್ಯಾಂಕಾಕಿಗೆ ಅವರೂ ಹೋಗುತ್ತಿದ್ದಾರೆ. ಇಬ್ಬರಿಗೂ ಒಂದೇ ರೈಲು, ಎದುರುಬದುರು ಬರ್ತು. ಅಲ್ಲಿ ಏನು ಆಸೆ ಎಂದು ಕೇಳಿದರೆ, ಕೈಗವಸು ಕಳಚಿ ಬದಿಗಿಡುತ್ತಾರೆ.

"ಪೋಸ್ಟರ್ ಮುಂದೆ ನಿಂತು ವಿವರಿಸೋದು ಮೊದಲ ಹೆಸರಿನೋರು. ಇರ್ಲಿ, ನಿಂತ್ಕೊಳ್ಳಿ. ಆದ್ರೆ ಮಧ್ಯಾಹ್ನ ಅವ್ಳು ಊಟಕ್ಕೆ ಹೋಗ್ಲೇಬೇಕಲ್ಲ? ಆಗ ನಾನೊಬ್ಳೇ ಅಲ್ಲಿ ನಿಂತಿರ್ತೀನಿ. ಯಾರಾದ್ರೂ ಬಂದು, ಈ ಹರಳು ಬೆಳೆಸಿದ್ದು ಯಾರು ಅಂತ ಕೇಳ್ಬೇಕು. ಅವ್ಳು ಸ್ವಲ್ಪ ನಿಧಾನವಾಗಿ ಊಟ ಮಾಡಿದ್ರೆ ಸಾಕು."