ಕಾಫಿ ಕಣದಲ್ಲಿ ಸತ್ತಿದ್ದು

ಅತ್ತಿಗೆಯನ್ನು ನಾನು ಸುಳ್ಳು ಹೇಳಿಯೇ ನಾಟಕಕ್ಕೆ ಕರೆದೊಯ್ದೆ. ವಯಸ್ಸಾಯಿತು, ಈಗಲಾದರೂ ಒಪ್ಪಿಕೊಂಡುಬಿಡುತ್ತೇನೆ.

ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅವನಿದ್ದಾಗ ನನ್ನನ್ನು ಗೇಲಿ ಮಾಡದೆ ಒಂದು ಲೋಟ ಕಾಫಿಯನ್ನೂ ಕೊಡದಿದ್ದ ಅತ್ತಿಗೆ, ಆಮೇಲೆ ಲೋಟ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದರು. ಹೊಸಿಲು ದಾಟುತ್ತಿರಲಿಲ್ಲ. ಅತ್ತಿದ್ದನ್ನೂ ಯಾರೂ ಕಂಡಿರಲಿಲ್ಲ. ಹೇಗಾದರೂ ಅವರನ್ನು ಹೊರಗೆ ಕರೆತರಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಆ ಬೇಸಿಗೆ ಮಗ್ಗೆ ಪೇಟೆ ಹತ್ತಿರದ ನಮ್ಮೂರಲ್ಲಿ ನಾಟಕ ಆಡುವುದೆಂದು ನಿಶ್ಚಯವಾಯಿತು. ದುಡಿಯುವ ಹಿರಿಮಗ ಸತ್ತ ಮೇಲೆ ಬಡ ಸಂಸಾರವೊಂದು ಪಡುವ ಪಾಡು ಅದರ ಕತೆ. ಹೆಣ ನಾನೇ. ನನಗೆ ಮಾತು ಬಾಯಿಪಾಠ ಬರುವುದಿಲ್ಲವೆಂದು ನಾಟಕದ ಮೇಷ್ಟ್ರು ಕೊಟ್ಟ ಪಾತ್ರ.

"ಎಂಥ ನಾಟಕವೋ?" ಎಂದರು ಅತ್ತಿಗೆ.

"ತಮಾಷೆ ನಾಟಕ ಕಣತ್ತಿಗೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತೈತೆ."

ಕತ್ತಲಾದರೆ ಆನೆ ಬರುತ್ತಿದ್ದುದರಿಂದ ನಾಟಕ ಹಗಲಲ್ಲೇ, ಎಸ್ಟೇಟಿನ ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ. ಪ್ರಾಕ್ಟೀಸನ್ನೆಲ್ಲ ಬೆಳಗ್ಗೆ ಕೆಲಸಕ್ಕೆ ಮುಂಚೆ ಮಾಡಿದ್ದೆವು. ಆಗ ಕಣ ತಣ್ಣಗಿರುತ್ತಿತ್ತು. ಕಾಫಿ ಒಣಗುವಲ್ಲಿ ಮನುಷ್ಯನೂ ಒಣಗುತ್ತಾನೆಂದು, ಜನ್ಮವಿಡೀ ಕಾಫಿ ಒಣಗಿಸಿದ ನಮಗೆ ಹೊಳೆಯಲೇ ಇಲ್ಲ.

ಬರಿಬೆನ್ನು ನೆಲಕ್ಕೆ ತಾಗಿದ್ದೇ ತಡ, ನಿಜವಾಗಿ ಪ್ರಾಣ ಹೋಗಿ ಬಂತು. ಹೆಂಡತಿಯ ಪಾತ್ರ ಎಸ್ಟೇಟಿನ ಲೆಕ್ಕ ಬರೆಯುವ ರೈಟರನದು. ಸೆರಗಲ್ಲಿ ಮೀಸೆ ಮುಚ್ಚಿಕೊಂಡು ನನ್ನೆದೆ ಮೇಲೆ ಬಿದ್ದು ಗೋಳಾಡುತ್ತಿದ್ದ. ನಾನು ಎಡಗಾಲು ಎತ್ತಿದೆ. ಅದನ್ನಿಳಿಸಿ ಬಲಗಾಲು ಎತ್ತಿದೆ.

"ಅಲ್ಲಾಡ್ಬೇಡ್ವೋ ಮಾರಾಯ," ಅಳುವ ದನಿಯಲ್ಲೇ ಪಿಸುಗುಟ್ಟಿದ.

"ನೀನು ಮಲ್ಕೊಂಡು ನೋಡು."

ಜನ ನಕ್ಕರು. ಮೇಷ್ಟ್ರು ಹಲ್ಲು ಕಚ್ಚಿದರು. ಅರೆಗಣ್ಣಲ್ಲಿ ನೋಡಿದರೆ, ಮುಂದಿನ ಸಾಲಲ್ಲಿ ಅತ್ತಿಗೆ ಬಿಳಿಚಿಕೊಂಡು ಕೂತಿದ್ದಾರೆ. ಆಗ ನೆಲಕ್ಕಿಂತ ನನ್ನ ಸುಳ್ಳೇ ಜಾಸ್ತಿ ಸುಟ್ಟಿತು. ಹೇಗೂ ಕೆಟ್ಟಾಯಿತು, ತಮಾಷೆ ನಾಟಕವನ್ನೇ ಮಾಡಿಬಿಡೋಣ ಅನ್ನಿಸಿತು. ಹೆಣ ಮಗ್ಗುಲಾಯಿತು. ಹೆಂಡತಿಯ ಸೆರಗನ್ನು ಎಳೆದು ಬೆನ್ನಡಿಗೆ ಹಾಸಿಕೊಂಡಿತು. ಮೀಸೆ ಬಯಲಾಯಿತು. ಮೊದಲು ಕಾಲೆತ್ತಿದ್ದು ಬಿಸಿಲಿನ ತಪ್ಪು, ಮಿಕ್ಕಿದ್ದೆಲ್ಲ ನನ್ನದೇ. ಪಾಪ, ಮೇಷ್ಟ್ರಿಗೆ ಇದನ್ನು ಅವರ ಕೊನೆಯವರೆಗೂ ಹೇಳಲಿಲ್ಲ.

ಅತ್ತಿಗೆ ಎದ್ದರು. ಮನೆಗೆ ಹೊರಟರು ಅಂದುಕೊಂಡೆ. ಅವರು ಕಣದ ಮೂಲೆಯಿಂದ ಗೋಣಿಚೀಲ ತಂದು ನನ್ನ ಪಕ್ಕ ಹಾಸಿದರು.

"ಇದ್ರ ಮೇಲೆ ಸಾಯೋ."

ಅಲ್ಲೇ ಕೂತು ನಗತೊಡಗಿದರು. ಆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. "ನಿಮ್ಮಣ್ಣನೂ ಹಿಂಗೆ ಒಂದ್ಸಲ ಕಾಲು ಆಡ್ಸಬಾರ್ದಿತ್ತೇನೋ," ಎಂದರು. ರೈಟರ್ ತನ್ನ ಗೋಳು ನಿಲ್ಲಿಸಿ, ಕಣ್ಣೊರೆಸಿಕೊಳ್ಳಲು ಸೆರಗಿನ ತುದಿಯನ್ನು ಅವರ ಕೈಗೆ ಕೊಟ್ಟ.

ಮರುದಿನ ಬೆಳಗ್ಗೆ ಅತ್ತಿಗೆ ಕಾಫಿ ಕೊಟ್ಟು ಒಳಗೆ ಹೋಗಲಿಲ್ಲ, ಬಾಗಿಲಿಗೊರಗಿ ನಿಂತರು. ಒಂದು ಗುಟುಕು ಕುಡಿದೆ. ಬರೀ ಉಪ್ಪು.

"ಇದೇನತ್ತಿಗೆ!"

"ತಮಾಷೆ ಕಾಫಿ ಕಣೋ. ಹೆಂಗೈತೆ?"

ಒಂದು ಹನಿ ಬಿಡದೆ ಕುಡಿದೆ.