ಓಪಲ್ ಮನೆಗೆ ಒಯ್ದ ತಟ್ಟೆ

ವರ್ಲೀನ್ ಜಿಪುಣಿಯಲ್ಲ, ಹಾಗಂದವರ ಬಾಯಲ್ಲಿ ಹುಳ ಬೀಳಲಿ. ಗಂಡ ಸತ್ತ ಮೇಲೆ ಆಸ್ಪತ್ರೆಯ ಬಟ್ಟೆ ಒಗೆದು ಹೊಟ್ಟೆ ಹೊರೆದವಳು. ಕೆಂಟಕಿಯ ಆ ಗಣಿಯೂರಿಗೆ ಎಲ್ಲವನ್ನೂ ಅಗ್ಗಕ್ಕೆ ಮಾರುವ ಡಾಲರ್ ಅಂಗಡಿ ಬಂದಾಗ, ಮೂವತ್ತು ವರ್ಷ ಊರಿನ ಡೆಲ್ಬರ್ಟನ ಅಂಗಡಿಯಲ್ಲಿ ದಿನಸಿ ಕೊಂಡವಳು ಅತ್ತ ತಿರುಗಿದಳು. ಊರಿಗೂರೇ ತಿರುಗಿತು. ಎರಡೇ ವರ್ಷಕ್ಕೆ ಡೆಲ್ಬರ್ಟ್ ಅಂಗಡಿ ಮುಚ್ಚಿದ. ಈ ಚಳಿಗಾಲ ಅವನೂ ಹೋದ.

ಸಾವಾದ ಮನೆಗೆ ಅಡುಗೆ ಮಾಡಿ ಒಯ್ಯಬೇಕು. ವರ್ಲೀನ್ ಡಬ್ಬಿ ಬೀನ್ಸಿಗೆ ಡಬ್ಬಿ ಅಣಬೆಸಾರು ಸುರಿದು ಬೇಯಿಸಿ, ತಗಡಿನ ತಟ್ಟೆಯಲ್ಲಿ ಒಯ್ದಳು. ತಟ್ಟೆ ಸಮೇತ ಎಲ್ಲವೂ ಡಾಲರ್ ಅಂಗಡಿಯದೇ. ಬೇರೆ ಅಂಗಡಿಗೆ ಈಗ ನಲವತ್ತು ಮೈಲಿ ಹೋಗಬೇಕು.

ತಂದವರ ಹೆಸರನ್ನು ತಟ್ಟೆಯ ತಳಕ್ಕೆ ಅಂಟಿಸುವುದು ಅಲ್ಲಿನ ವಾಡಿಕೆ. ಡೆಲ್ಬರ್ಟನ ಹೆಂಡತಿ ಓಪಲ್ ತಟ್ಟೆಯನ್ನು ಎತ್ತಿ ತಳ ನೋಡಿದಳು. ವರ್ಲೀನಳ ಹೆಸರಿನ ಪಕ್ಕದಲ್ಲೇ ಡಾಲರ್ ಅಂಗಡಿಯ ಹಳದಿ ಬೆಲೆಚೀಟಿ ಹಾಗೇ ಇತ್ತು.

"ಅಯ್ಯೋ, ಕೀಳೋದೇ ಮರ್ತೆ ಕಣೇ," ಎಂದ ವರ್ಲೀನಳಿಗೆ ನೆಲ ಬಾಯ್ಬಿಡಬಾರದೇ ಎನಿಸಿತು.

"ಬಿಡೇ, ನೀನೊಬ್ಳೇನಾ?" ಓಪಲ್ ಮೇಜಿನ ತುಂಬ ಇದ್ದ ತಗಡಿನ ತಟ್ಟೆಗಳತ್ತ ಕೈ ತೋರಿದಳು. "ಎಲ್ಲಾ ಅಲ್ಲೀವೇ. ಅಂಗಡಿ ಮುಚ್ಚೋ ದಿನಾನೂ ನಮ್ಮೋರು ಬಾಗ್ಲು ನೋಡ್ತಾ ಕೂತಿದ್ರು, ಯಾರಾದ್ರೂ ಬರ್ತಾರೆ ಅಂತ. ಇವತ್ತು ನೋಡು, ಎಲ್ರೂ ಬಂದಿದೀರಿ."